ಕರಪತ್ರದ ಹಿಂಬದಿ

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನನ್ನದೇ ಬರಹವನ್ನು ಓದುವ ಯೋಗ ಬರುತ್ತದೆಂದು ನಾನು ಎಣಿಸಿರಲಿಲ್ಲ. ಎದುರಿನ ಮೇಜಿನ ಮೇಲೆ ಹಸಿರು ಅಂಚಿನ ಕರಪತ್ರಗಳ ಕಟ್ಟು ಇತ್ತು. ಹೊತ್ತು ಕಳೆಯಲು ಒಂದನ್ನು ಎತ್ತಿಕೊಂಡೆ. ಮಧುಮೇಹವನ್ನು ತಡೆಯಬಹುದು, ಇಂದೇ ಆರಂಭಿಸಿ ಎಂದು ಮೇಲೆ ದಪ್ಪಕ್ಷರದಲ್ಲಿತ್ತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗುರುತು ಸಿಕ್ಕಿತು. ಎಂಟು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಗಡಿಬಿಡಿಯಲ್ಲಿ ಬರೆದು ಕೊಟ್ಟದ್ದು. ಆಗ ಬಿಟ್ಟುಹೋಗಿದ್ದ ಒಂದು ಒತ್ತಕ್ಷರ ಇನ್ನೂ ಹಾಗೆಯೇ ಬಿಟ್ಟುಹೋಗಿತ್ತು.

ಇನ್ನೊಂದು ಕೈಯಲ್ಲಿ ನನ್ನ ರಕ್ತಪರೀಕ್ಷೆಯ ವರದಿ. ಎಚ್‌ಬಿಎ1ಸಿ 6.2. ಅದರ ಅರ್ಥವನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದು ಕರಪತ್ರದ ಮೂರನೆಯ ಪ್ಯಾರಾದಲ್ಲಿ ನಾನೇ ಬರೆದಿದ್ದೆ. ಈ ಪರೀಕ್ಷೆ ಒಂದು ರೀತಿಯಲ್ಲಿ ನಿರ್ದಯವಾದದ್ದು. ರಕ್ತದ ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಹಿಂದಿನ ಎರಡು ಮೂರು ತಿಂಗಳು ನೀವು ಹೇಗಿದ್ದಿರಿ ಎಂಬ ಲೆಕ್ಕವೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಪುಸ್ತಕ ತೆರೆಯುವ ಹುಡುಗನ ಉಪಾಯ ಇಲ್ಲಿ ನಡೆಯುವುದಿಲ್ಲ. ನಾನು ಪ್ರಯತ್ನಿಸಿದ್ದೆ. ನಾಲ್ಕು ದಿನ ಸಿಹಿ ಮುಟ್ಟಿರಲಿಲ್ಲ. ನಾಲ್ಕು ದಿನದಿಂದ ಈ ಸಂಖ್ಯೆಗೆ ಏನೂ ಆಗುವುದಿಲ್ಲ ಎಂದು ಬರೆದವನೂ ನಾನೇ.

ಹದಿನೈದು ವರ್ಷ ಆರೋಗ್ಯ ಶಿಕ್ಷಣದ ಸಾಹಿತ್ಯ ಬರೆದು ಹೊಟ್ಟೆ ಹೊರೆದವನು ನಾನು. ಕರಪತ್ರ, ಭಿತ್ತಿಪತ್ರ, ರೇಡಿಯೋದ ಮೂವತ್ತು ಸೆಕೆಂಡಿನ ಸಂದೇಶ, ಶಾಲೆಗಳಿಗೆ ಚಿತ್ರಪಟ. ಹೃದಯಾಘಾತ, ಪಾರ್ಶ್ವವಾಯು, ಮಧುಮೇಹ, ಅಧಿಕ ರಕ್ತದೊತ್ತಡ, ಶ್ವಾಸಕೋಶದ ಕಾಯಿಲೆ ಎಲ್ಲದರ ಬಗ್ಗೆಯೂ ಬರೆದಿದ್ದೇನೆ. ಬೆಂಚಿನ ಮೇಲೆ ಕುಳಿತು ಆ ಕರಪತ್ರದ ಕ್ರಿಯಾಪದಗಳನ್ನು ಎಣಿಸಿದೆ. ತ್ಯಜಿಸಿ, ತಗ್ಗಿಸಿ, ಹೆಚ್ಚಿಸಿ, ಮಾಡಿ, ಮಾಡಬೇಡಿ, ತಪ್ಪದೇ ಮಾಡಿ. ಒಂದೇ ಪುಟದಲ್ಲಿ ಹದಿನೇಳು ಅಪ್ಪಣೆಗಳು. ಪ್ರಶ್ನೆ ಮಾತ್ರ ಒಂದೂ ಇರಲಿಲ್ಲ.

ಇಷ್ಟು ವರ್ಷ ನನ್ನ ಕಸುಬು ನಿಂತಿದ್ದದ್ದು ಒಂದೇ ನಂಬಿಕೆಯ ಮೇಲೆ: ಜನರಿಗೆ ಗೊತ್ತಿಲ್ಲ, ಗೊತ್ತಾದರೆ ಮಾಡುತ್ತಾರೆ. ಆ ನಂಬಿಕೆ ಪೂರ್ತಿ ಸುಳ್ಳಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಯಾರಿಗೂ ಏನೂ ಗೊತ್ತಿಲ್ಲದ ಕಾಲವೊಂದಿತ್ತು. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ಕುಸಿದ ದಿನ ಅವರ ರಕ್ತದೊತ್ತಡ 300/190 ಇತ್ತು. ಅದಕ್ಕೂ ವರ್ಷಗಳ ಮೊದಲಿನಿಂದ ಒತ್ತಡ ಏರುತ್ತಲೇ ಇತ್ತು. ವಯಸ್ಸಾದಂತೆ ಒತ್ತಡ ಏರುವುದು ಸಹಜ, ಏರಲೇಬೇಕು ಎಂದು ಆಗಿನ ಎಷ್ಟೋ ವೈದ್ಯರು ನಂಬಿದ್ದರು. ಮೂರು ವರ್ಷಗಳ ನಂತರ, 1948ರಲ್ಲಿ, ಮ್ಯಾಸಚೂಸೆಟ್ಸ್‌ನ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 30ರಿಂದ 62 ವರ್ಷದೊಳಗಿನ 5,209 ಮಂದಿಯನ್ನು ಗುರುತಿಸಿ, ಯಾರಿಗೆ ಹೃದ್ರೋಗ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ವರ್ಷಾನುಗಟ್ಟಲೆ ಕಾದು ನೋಡುವ ಕೆಲಸ ಶುರುವಾಯಿತು. ರಕ್ತದೊತ್ತಡ, ಕೊಲೆಸ್ಟರಾಲ್, ಹೊಗೆಬತ್ತಿ ಇವುಗಳನ್ನು ಇಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವಲ್ಲ, ಅದು ಬಹುಮಟ್ಟಿಗೆ ಆ ಊರಿನವರ ಸಹನೆಯ ಫಲ.

ತಂಬಾಕಿನ ಕತೆಯೂ ಹೀಗೆಯೇ. 1951ರಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಬ್ರಿಟನ್ನಿನ ವೈದ್ಯರಿಗೆಲ್ಲ ಪತ್ರ ಬರೆದು ನೀವು ಸಿಗರೇಟು ಸೇದುತ್ತೀರಾ ಎಂದು ಕೇಳಿದರು. ಉತ್ತರಿಸಿದ ವೈದ್ಯರು ಮುಂದೆ ಯಾವ ಯಾವ ಕಾಯಿಲೆಯಿಂದ ಸತ್ತರು ಎಂದು ಐವತ್ತು ವರ್ಷ ಲೆಕ್ಕ ಇಡಲಾಯಿತು. ಸೇದುತ್ತಲೇ ಉಳಿದವರ ಆಯುಸ್ಸು ಸೇದದವರಿಗಿಂತ ಸುಮಾರು ಹತ್ತು ವರ್ಷ ಕಡಿಮೆ. ಐವತ್ತರ ವಯಸ್ಸಿನಲ್ಲಿ ಬಿಟ್ಟರೂ ಆರು ವರ್ಷ ಮರಳಿ ಸಿಗುತ್ತದೆ, ಅರವತ್ತರಲ್ಲಿ ಬಿಟ್ಟರೆ ಮೂರು. ಈ ಲೆಕ್ಕವನ್ನು ನಾನು ಎಷ್ಟು ಕರಪತ್ರಗಳಲ್ಲಿ ಹಾಕಿದ್ದೇನೋ ನೆನಪಿಲ್ಲ. ಮನೆಯಲ್ಲಿ ಅಪ್ಪನಿಗೆ ಓದಿಯೂ ಹೇಳಿದ್ದೇನೆ. ಅವರು ಗಮನವಿಟ್ಟು ಕೇಳಿ, "ಒಳ್ಳೆಯ ಲೆಕ್ಕ" ಎಂದು ತಲೆಯಾಡಿಸಿ, ಹಿತ್ತಲಿಗೆ ಹೋಗಿ ಒಂದು ಹಚ್ಚಿಕೊಂಡು ಬಂದರು.

ಅಪ್ಪನಿಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ರಾತ್ರಿ ಕೆಮ್ಮುತ್ತಿದ್ದವರು ಅವರು.

ಗೊತ್ತಿದ್ದೂ ಮಾಡದವರಿಗೆ ನಮ್ಮ ಕಸುಬಿನಲ್ಲಿ ಒಂದು ಹಳೆಯ ಮದ್ದಿದೆ: ಹೆದರಿಸುವುದು. ಕಪ್ಪಾದ ಶ್ವಾಸಕೋಶ, ಕತ್ತರಿಸಿದ ಕಾಲು, ಅಳುವ ಮಕ್ಕಳು. ನಾನೂ ಮಾಡಿದ್ದೇನೆ. ಕಾಲಿನ ಚಿತ್ರ ಇನ್ನಷ್ಟು ದೊಡ್ಡದಾಗಿ ಬರಲಿ ಎಂದು ಚಿತ್ರಕಾರನ ಬಳಿ ಹಟ ಹಿಡಿದವನು ನಾನೇ. 1953ರಲ್ಲಿ ಇರ್ವಿಂಗ್ ಜಾನಿಸ್ ಮತ್ತು ಸೀಮೋರ್ ಫೆಶ್‌ಬಾಕ್ ಎಂಬ ಇಬ್ಬರು ಮನೋವಿಜ್ಞಾನಿಗಳು ಪ್ರೌಢಶಾಲೆಯ ಮಕ್ಕಳಿಗೆ ಹಲ್ಲಿನ ಆರೋಗ್ಯದ ಪಾಠವನ್ನು ಮೂರು ಬಗೆಯಲ್ಲಿ ಮಾಡಿಸಿದರು. ಒಂದು ಗುಂಪಿಗೆ ಕೊಳೆತ ಒಸಡಿನ ಭೀಕರ ಚಿತ್ರಗಳು, ಇನ್ನೊಂದಕ್ಕೆ ಮಧ್ಯಮ ಹೆದರಿಕೆ, ಮೂರನೆಯದಕ್ಕೆ ತಣ್ಣಗಿನ ಮಾತು. ಹೆಚ್ಚು ಹೆದರಿದವರು ಪಾಠ ಬಹಳ ಚೆನ್ನಾಗಿತ್ತು ಎಂದು ಹೇಳಿದರು. ಒಂದು ವಾರದ ಮೇಲೆ ನೋಡಿದರೆ ಹಲ್ಲುಜ್ಜುವ ರೀತಿಯನ್ನು ಹೆಚ್ಚಾಗಿ ಬದಲಿಸಿಕೊಂಡವರು ತಣ್ಣಗಿನ ಮಾತು ಕೇಳಿದವರು. ನಂತರದ ದಶಕಗಳಲ್ಲಿ ಬಂದ ಅಧ್ಯಯನಗಳೆಲ್ಲ ಇದೇ ಮಾತನ್ನು ಹೇಳಲಿಲ್ಲ, ಹೆದರಿಕೆ ಕೆಲವೊಮ್ಮೆ ಕೆಲಸ ಮಾಡುತ್ತದೆ ಎಂಬುದಕ್ಕೂ ಸಾಕಷ್ಟು ಆಧಾರವಿದೆ. ಆದರೆ ಹೆದರಿದವನಿಗೆ ಓಡಲು ದಾರಿ ಕಾಣದಿದ್ದರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ನನ್ನ ದೊಡ್ಡ ಕಾಲಿನ ಭಿತ್ತಿಪತ್ರದ ಕೆಳಗೆ ಕುಳಿತವರು ಅದಕ್ಕೆ ಬೆನ್ನು ಹಾಕಿ ಕುಳಿತಿದ್ದನ್ನು ನಾನೇ ಕಂಡಿದ್ದೇನೆ.

ಆ ದಾರಿ ಎಷ್ಟು ಚಿಕ್ಕದಾಗಿರಬಹುದು ಎಂಬುದಕ್ಕೆ 1965ರ ಇನ್ನೊಂದು ಪ್ರಯೋಗವಿದೆ. ನನಗೆ ಬಹಳ ಇಷ್ಟವಾದದ್ದು. ಹೋವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ತಿಳಿಸಿ, ಲಸಿಕೆ ಹಾಕಿಸಿಕೊಳ್ಳಿ ಎಂದರು. ಬರಿ ಮಾತು ಕೇಳಿದವರಲ್ಲಿ ಶೇ. 3ರಷ್ಟು ಮಂದಿ ಹೋಗಿ ಚುಚ್ಚಿಸಿಕೊಂಡರು. ಇನ್ನೊಂದು ಗುಂಪಿಗೆ ಅದೇ ಮಾತಿನ ಜೊತೆಗೆ ಆವರಣದ ನಕ್ಷೆ ಕೊಟ್ಟರು. ಆರೋಗ್ಯ ಕೇಂದ್ರದ ಸುತ್ತ ಗೆರೆ ಎಳೆದಿತ್ತು, ತೆರೆದಿರುವ ವೇಳೆ ಬರೆದಿತ್ತು, ನಿಮ್ಮ ವಾರದ ದಿನಚರಿಯಲ್ಲಿ ಆ ಕಡೆ ಹಾಯುವುದು ಯಾವಾಗ ಎಂದು ಯೋಚಿಸಿ ಎಂದು ಹೇಳಿತ್ತು. ಆ ಗುಂಪಿನಲ್ಲಿ ಶೇ. 28ರಷ್ಟು ಮಂದಿ ಹೋದರು. ಕೇಂದ್ರ ಎಲ್ಲಿದೆ ಎಂಬುದು ಅಲ್ಲಿಯೇ ಓದುತ್ತಿದ್ದ ಅವರಿಗೆಲ್ಲ ಮೊದಲೇ ಗೊತ್ತಿದ್ದಿರಬೇಕು. ನಕ್ಷೆ ಹೊಸ ಮಾಹಿತಿಯನ್ನೇನೂ ಕೊಡಲಿಲ್ಲ, ಮಂಗಳವಾರ ಮಧ್ಯಾಹ್ನವನ್ನು ಕೊಟ್ಟಿತು. ಇದನ್ನು ನಾನು ಎಷ್ಟೋ ತರಬೇತಿಗಳಲ್ಲಿ ಚಪ್ಪಾಳೆ ಬರುವ ಹಾಗೆ ಹೇಳಿದ್ದೇನೆ. ನನ್ನ ಯಾವ ಕರಪತ್ರದಲ್ಲೂ ನಕ್ಷೆ ಇರಲಿಲ್ಲ ಎಂಬುದು ಬೆಂಚಿನ ಮೇಲೆ ಕುಳಿತಾಗ ಹೊಳೆಯಿತು.

ವೈದ್ಯರು ನಾಲ್ಕು ನಿಮಿಷದಲ್ಲಿ ಮುಗಿಸಿದರು. ಹೊರಗೆ ಜನ ತುಂಬಿದ್ದರು, ಅವರನ್ನು ದೂರುವುದಿಲ್ಲ. "ಮಾತ್ರೆ ಈಗ ಬೇಡ. ವಾಕಿಂಗ್ ಮಾಡಿ, ತೂಕ ಇಳಿಸಿ. ನಿಮಗೆ ಹೇಳಬೇಕಾಗಿಲ್ಲ, ನಿಮಗೇ ಗೊತ್ತು" ಎಂದರು. ಆ ಕೊನೆಯ ಮಾತು ಚುಚ್ಚಿತು. ಪಕ್ಕದ ಕೋಣೆಯಲ್ಲಿ ಒಬ್ಬ ನರ್ಸ್ ಇದ್ದರು. ನನಗಿಂತ ಕಿರಿಯರು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಸಲಹೆ ಕೊಡುವುದು ಅವರ ಕೆಲಸ. ನಾನು ಹದಿನೇಳು ಅಪ್ಪಣೆಗಳಿಗೆ ಸಿದ್ಧನಾಗಿ ಕುಳಿತೆ.

ಅವರು ಕೇಳಿದ ಮೊದಲ ಪ್ರಶ್ನೆ: "ದಿನದಲ್ಲಿ ಯಾವ ಹೊತ್ತು ನಿಮ್ಮ ಕೈಯಲ್ಲಿರುತ್ತದೆ?"

ನನಗೆ ತಕ್ಷಣ ಉತ್ತರ ಬರಲಿಲ್ಲ. ಬೆಳಗ್ಗೆ ಎಂದೆ, ಅಲ್ಲ ಎಂದೆ. ಬೆಳಗ್ಗೆ ಮನೆಯಲ್ಲಿ ಎಲ್ಲರಿಗೂ ಅವಸರ. ಸಂಜೆ? ಸಂಜೆ ಯಾವಾಗ ಮುಗಿಯುತ್ತದೆ ಎಂಬುದು ಕಚೇರಿಯ ಮರ್ಜಿ. ಅವರು ಸುಮ್ಮನೆ ಕಾದರು. ಮಧ್ಯಾಹ್ನ ಊಟದ ನಂತರ ಇಪ್ಪತ್ತು ನಿಮಿಷ ಮೊಬೈಲ್ ನೋಡುತ್ತಾ ಕೂರುತ್ತೇನೆ ಎಂದು ಕೊನೆಗೆ ಒಪ್ಪಿಕೊಂಡೆ.

"ಆ ಇಪ್ಪತ್ತರಲ್ಲಿ ಎಷ್ಟು ಕೊಡುತ್ತೀರಿ?"

"ಇಪ್ಪತ್ತೂ ಕೊಡಬಹುದು."

"ಬೇಡ, ಅಷ್ಟು ಕೊಡಬೇಡಿ. ನಾಳೆಯೇ ಖಂಡಿತ ಆಗುತ್ತದೆ ಅನ್ನಿಸುವಷ್ಟು ಹೇಳಿ."

"ಹತ್ತು ನಿಮಿಷ."

"ಹತ್ತಕ್ಕೆ ಹತ್ತು ಅಂಕ ಅಂದರೆ ಖಂಡಿತ, ಸೊನ್ನೆ ಅಂದರೆ ಇಲ್ಲವೇ ಇಲ್ಲ. ನಿಮ್ಮ ಮಾತಿಗೆ ನೀವೇ ಎಷ್ಟು ಅಂಕ ಕೊಡುತ್ತೀರಿ?"

"ಏಳು."

"ನಾಲ್ಕು ಯಾಕಲ್ಲ?"

ನಾನು ತಬ್ಬಿಬ್ಬಾದೆ. ಹತ್ತು ಯಾಕಲ್ಲ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಹಾಗೆ ಕೇಳಿದ್ದರೆ ನನ್ನ ನೆಪಗಳ ಪಟ್ಟಿ ಸಿದ್ಧವಿತ್ತು. ನಾಲ್ಕು ಯಾಕಲ್ಲ ಎಂದಾಗ, ಮಾಡಬಲ್ಲೆ ಎಂಬುದಕ್ಕೆ ಕಾರಣಗಳನ್ನು ನಾನೇ ಒಂದೊಂದಾಗಿ ಹೇಳಬೇಕಾಯಿತು. ಕಚೇರಿಯ ಹಿಂದೆ ಮರಗಳ ಸಾಲು ಇದೆ. ಊಟದ ಮೇಲೆ ತೂಕಡಿಕೆ ಬರುತ್ತದೆ, ನಡೆದರೆ ಹೋಗಬಹುದು. ಜೊತೆಗೆ ಬರುವ ಸಹೋದ್ಯೋಗಿಯೊಬ್ಬರಿದ್ದಾರೆ. ನರ್ಸ್ ನನ್ನ ಕೈಯಲ್ಲಿದ್ದ ಕರಪತ್ರವನ್ನು ತೆಗೆದುಕೊಂಡು ಮಗುಚಿದರು. ಹಿಂಬದಿ ಖಾಲಿ ಇತ್ತು. 'ಊಟದ ಡಬ್ಬಿ ಮುಚ್ಚಿದ ಮೇಲೆ, ಮರಗಳ ಕಡೆ, 10 ನಿಮಿಷ' ಎಂದು ಬರೆದು ಕೊಟ್ಟರು. ಮುಂಬದಿಯನ್ನು ಅವರು ಓದಲೂ ಇಲ್ಲ.

ಈ ಬಗೆಯ ಮಾತುಕತೆಗೆ 'ಮೋಟಿವೇಷನಲ್ ಇಂಟರ್‌ವ್ಯೂಯಿಂಗ್' ಎಂಬ ಹೆಸರಿದೆ ಎಂಬುದು ಗೊತ್ತಿತ್ತು. 1983ರಲ್ಲಿ ವಿಲಿಯಂ ಮಿಲ್ಲರ್ ಎಂಬ ಮನೋವಿಜ್ಞಾನಿ ಕುಡಿತದ ಸಮಸ್ಯೆ ಇದ್ದವರ ಜೊತೆಗಿನ ಅನುಭವದಿಂದ ಇದನ್ನು ಮೊದಲು ವಿವರಿಸಿದರು. ಅದರ ಹಿಂದಿರುವ ತಿಳಿವಳಿಕೆ ಸರಳ. ಬದಲಾಗಬೇಕೋ ಬೇಡವೋ ಎಂದು ತೂಗುತ್ತಿರುವ ಮನುಷ್ಯನ ಒಳಗೆ ಎರಡೂ ಕಡೆಯ ವಕೀಲರಿರುತ್ತಾರೆ. ನೀವು ಬದಲಾವಣೆಯ ಪರ ವಾದಿಸಲು ನಿಂತರೆ ಅವನಿಗೆ ಉಳಿಯುವುದು ಎದುರುವಾದ ಮಾತ್ರ. ಅಪ್ಪನ ಜೊತೆ ನಾನು ಇಪ್ಪತ್ತು ವರ್ಷ ಮಾಡಿದ್ದು ಇದನ್ನೇ. ತಂಬಾಕಿನ ಪರವಾಗಿ ಅಷ್ಟು ಚೆನ್ನಾಗಿ ವಾದಿಸಲು ಅವರನ್ನು ಪಳಗಿಸಿದವನು ನಾನು.

ಅಕ್ಕನ ವಿಷಯ ಬೇರೆ. ಅವಳಿಗೆ ಹಟವೇನೂ ಇರಲಿಲ್ಲ. ಅವಳ ರಕ್ತದೊತ್ತಡ 160/100 ಬಂದಾಗ ವೈದ್ಯರು ಮಾತ್ರೆ ಬರೆದರು, ಅವಳು ನಿಷ್ಠೆಯಿಂದ ನುಂಗಿದಳು. ಒಂದೂವರೆ ತಿಂಗಳ ನಂತರ ತೋರಿಸಿದಾಗ "ಈಗ ನಾರ್ಮಲ್ ಇದೆ" ಎಂದರಂತೆ. ಅವಳು ಅಂದಿಗೇ ಮಾತ್ರೆ ನಿಲ್ಲಿಸಿದಳು. ನನಗೆ ಗೊತ್ತಾದದ್ದು ಎಂಟು ತಿಂಗಳ ಮೇಲೆ. ರೇಗಿದೆ. "ನಾರ್ಮಲ್ ಆಯಿತು ಅಂದ ಮೇಲೆ ಯಾಕೋ ನುಂಗಬೇಕು? ನನಗೆ ಸಿಟ್ಟೂ ಬರುವುದಿಲ್ಲ, ನನಗೆಲ್ಲಿಯ ಬಿಪಿ?" ಎಂದಳು.

ಆ ಒಂದು ವಾಕ್ಯದಲ್ಲಿ ನನ್ನ ಕಸುಬಿನ ಸೋಲು ಪೂರ್ತಿ ಇತ್ತು. ನಾವು ದಿನವೂ ಆಡುವ ಕನ್ನಡದಲ್ಲಿ ಬಿಪಿ ಏರುವುದು ಎಂದರೆ ಸಿಟ್ಟು ಬರುವುದು. 'ನನ್ನ ಬಿಪಿ ಏರಿಸಬೇಡ' ಎಂದು ಮಕ್ಕಳನ್ನು ಗದರುತ್ತೇವೆ. ತಣ್ಣನೆಯ ಸ್ವಭಾವದ ನನ್ನ ಅಕ್ಕನಿಗೆ ಆ ಕಾಯಿಲೆ ತನ್ನದು ಎನಿಸಲು ದಾರಿಯೇ ಇರಲಿಲ್ಲ. 'ಸಕ್ಕರೆ ಕಾಯಿಲೆ' ಎಂಬ ಹೆಸರೂ ಹೀಗೆಯೇ ದಾರಿ ತಪ್ಪಿಸುತ್ತದೆ. ಸಕ್ಕರೆ ಡಬ್ಬಿಯನ್ನು ಮುಚ್ಚಿಟ್ಟರೆ ಮುಗಿಯಿತು ಎಂದುಕೊಳ್ಳುವವರು ತೂಕದ ಬಗ್ಗೆಯಾಗಲಿ ಕೂತೇ ಇರುವುದರ ಬಗ್ಗೆಯಾಗಲಿ ಯೋಚಿಸುವುದಿಲ್ಲ. 'ಪಥ್ಯ' ಎಂಬ ಮಾತನ್ನೇ ತೆಗೆದುಕೊಳ್ಳಿ. ಎಷ್ಟು ಒಳ್ಳೆಯ ಮಾತು, ಆದರೆ ಅದರ ಹೊಟ್ಟೆಯಲ್ಲೇ ಒಂದು ಅವಧಿ ಇದೆ. ಜ್ವರ ಬಿಟ್ಟ ಮೇಲೆ ಪಥ್ಯವೂ ಬಿಡುತ್ತದೆ. ಕಾಯಿಲೆ ಬರುತ್ತದೆ, ವಾಸಿಯಾಗುತ್ತದೆ, ಹೋಗುತ್ತದೆ. ನಮ್ಮ ಕ್ರಿಯಾಪದಗಳೆಲ್ಲ ಬಂದು ಹೋಗುವ ಅತಿಥಿಗಳಿಗೆ ಹೊಲಿದವು. ಬಂದವನು ಮನೆಯಲ್ಲೇ ಉಳಿದುಬಿಟ್ಟರೆ ಅವನೊಡನೆ ಬಾಳುವ ರೀತಿಗೆ ನಮ್ಮಲ್ಲಿರುವುದು 'ಹತೋಟಿ' ಎಂಬ ಒಂದು ಮಾತು. ಅದನ್ನೂ ಕರಪತ್ರದಲ್ಲಿ 'ನಿಯಂತ್ರಣ' ಮಾಡಿ ಕೆಡಿಸಿದ್ದೇವೆ.

ಅಕ್ಕ ಒಬ್ಬಳೇ ಅಲ್ಲ. ಜಗತ್ತಿನಲ್ಲಿ 30ರಿಂದ 79 ವರ್ಷದವರಲ್ಲಿ ಸುಮಾರು 128 ಕೋಟಿ ಮಂದಿಗೆ ಅಧಿಕ ರಕ್ತದೊತ್ತಡವಿದೆ, ಅವರಲ್ಲಿ ಶೇ. 46ರಷ್ಟು ಮಂದಿಗೆ ಅದು ಗೊತ್ತೇ ಇಲ್ಲ ಎಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ದೀರ್ಘಕಾಲದ ಕಾಯಿಲೆಗೆ ಮಾತ್ರೆ ಬರೆಸಿಕೊಂಡವರಲ್ಲಿ, ಶ್ರೀಮಂತ ದೇಶಗಳಲ್ಲಿಯೂ, ಹೇಳಿದಂತೆ ನುಂಗುವವರು ಅರ್ಧದಷ್ಟು ಮಾತ್ರ ಎಂದು ಅದೇ ಸಂಸ್ಥೆ 2003ರಲ್ಲೇ ಹೇಳಿತ್ತು. ಈ ಒತ್ತಡ ನೋಯಿಸುವುದಿಲ್ಲ, ತುರಿಸುವುದಿಲ್ಲ. ಮಾತ್ರೆ ನಿಲ್ಲಿಸಿದ ಮರುದಿನ ಸಾಮಾನ್ಯವಾಗಿ ಏನೂ ಆದಂತೆ ಅನಿಸುವುದಿಲ್ಲ, ಬದಲಿಗೆ ಕೆಲವರಿಗೆ ಹಾಯೆನಿಸುತ್ತದೆ. ರಕ್ತನಾಳಗಳ ಗೋಡೆ ಒಳಗೊಳಗೇ ದಪ್ಪವಾಗಿ ಬಿರುಸಾಗುವುದಕ್ಕೆ ವರ್ಷಗಳು ಹಿಡಿಯುತ್ತವೆ. ದಿನವೂ ಸುಖವಾಗಿರುವವನಿಗೆ, ಮುಂದೆಂದೋ ಬರದೇ ಹೋಗಬಹುದಾದ ಕಷ್ಟಕ್ಕಾಗಿ ಇಂದು ಏನನ್ನೋ ಮಾಡು ಎನ್ನುತ್ತೇವೆ. ಅದು ಫಲಿಸಿದರೆ ಅವನಿಗೆ ಕಾಣುವುದು ಏನು? ಏನೂ ಆಗಲಿಲ್ಲ ಎಂಬುದು ಮಾತ್ರ.

ನರ್ಸ್ ಒಂದು ಉಪಾಯ ಹೇಳಿಕೊಟ್ಟರು. ವಿವರಿಸಿದ ಮೇಲೆ 'ಅರ್ಥವಾಯಿತಾ' ಎಂದು ಕೇಳಲೇಬಾರದಂತೆ, ಎಲ್ಲರೂ ಹೂಂ ಎನ್ನುತ್ತಾರೆ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಯಲ್ಲಿ ಕೇಳಿದರೆ ಏನೆಂದು ಹೇಳುತ್ತೀರಿ?" ಎನ್ನಬೇಕಂತೆ. ಪರೀಕ್ಷೆ ಕೇಳಿದವರಿಗಲ್ಲ, ಹೇಳಿದವರಿಗೆ. ಅಂದು ಸಂಜೆ ಫೋನಿನಲ್ಲಿ ಅಕ್ಕನಿಗೆ ಹೀಗೆ ಹೇಳಿದೆ: ನಾರ್ಮಲ್ ಆದದ್ದು ನೀನಲ್ಲ, ಮಾತ್ರೆಯ ಕೈ ಹಿಡಿದಿರುವ ನೀನು, ಕೈ ಬಿಟ್ಟರೆ ಒತ್ತಡ ಮತ್ತೆ ಎದ್ದು ನಿಲ್ಲುತ್ತದೆ. ಭಾವನಿಗೆ ಏನೆಂದು ಹೇಳುತ್ತೀ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕನ್ನಡಕ ಹಾಕಿಕೊಂಡರೆ ಕಾಣುತ್ತದೆ, ಕಾಣುತ್ತದೆ ಎಂದು ಕನ್ನಡಕ ಬಿಸಾಡುತ್ತಾರೆಯೇ? ಹಾಗೆ" ಎಂದಳು. ಹದಿನೈದು ವರ್ಷದಲ್ಲಿ ನಾನು ಇಷ್ಟು ಒಳ್ಳೆಯ ಒಂದು ಸಾಲು ಬರೆದಿಲ್ಲ. ಮಾತ್ರೆಯ ಪಟ್ಟಿ ಈಗ ಅವಳ ಹಲ್ಲುಜ್ಜುವ ಬ್ರಶ್ಶಿನ ಲೋಟದಲ್ಲಿದೆ. ನೀರು ತಾಗದಂತೆ ಸಣ್ಣ ಡಬ್ಬಿಯಲ್ಲಿ ಹಾಕಿದ್ದಾಳೆ.

ನನ್ನ ಹತ್ತು ನಿಮಿಷದ ಕತೆ ಅಷ್ಟು ಚೆಂದವಾಗಿಲ್ಲ. ಮೊದಲ ಎಂಟು ದಿನ ನಡೆದೆ. ನಂತರ ಮಳೆ. ನಂತರ ಸಭೆಗಳು. ಆಮೇಲೆ ಒಂಬತ್ತು ದಿನ ಇಲ್ಲ. ಹಳೆಯ ನಾನಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದೆ. ಬೇಕಿದ್ದರೆ ವರ್ಷದ ಮೊದಲ ದಿನದಿಂದ ಹೊಸದಾಗಿ ಶುರು ಮಾಡೋಣ ಎನ್ನುವ ಜಾತಿ ನನ್ನದು. 21 ದಿನ ಮಾಡಿದರೆ ರೂಢಿಯಾಗುತ್ತದೆ ಎಂದು ನಾನೇ ಒಂದು ರೇಡಿಯೋ ಸಂದೇಶದಲ್ಲಿ ಹೇಳಿಸಿದ್ದೆ, ಅದಕ್ಕೆ ಈಗ ನಾಚಿಕೆಯಾಗುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿಯುವ ಕಾಲದ ನಡುಬಿಂದು 66 ದಿನ. ಕೆಲವರಿಗೆ 18 ಸಾಕಾಯಿತು, ಕೆಲವರಿಗೆ 254 ಬೇಕು ಎಂದು ಲೆಕ್ಕ ಹೇಳಿತು. ನನಗೆ ಧೈರ್ಯ ಕೊಟ್ಟದ್ದು ಇನ್ನೊಂದು ವಿವರ: ನಡುವೆ ಒಂದು ದಿನ ತಪ್ಪಿದರೆ ರೂಢಿ ಮುರಿದುಬೀಳುವುದಿಲ್ಲ. ಒಂಬತ್ತು ದಿನ ತಪ್ಪಿದವನಿಗೆ ಆ ಮಾತು ಅನ್ವಯಿಸುತ್ತದೆಯೇ ಎಂದು ಕೇಳಬೇಡಿ. ಹತ್ತನೆಯ ದಿನ ಡಬ್ಬಿ ಮುಚ್ಚಿದ ಸದ್ದಿಗೆ ಕಾಲು ತಾನಾಗಿ ಎದ್ದಿತು ಎಂಬುದಷ್ಟೇ ನನ್ನ ಸಾಕ್ಷಿ.

ಇಷ್ಟರಿಂದ ಕಾಯಿಲೆ ನಿಜಕ್ಕೂ ತಪ್ಪುತ್ತದೆಯೇ? ತಪ್ಪುತ್ತದೆ, ಮತ್ತು ಇದಕ್ಕೆ ಒಳ್ಳೆಯ ಆಧಾರವಿದೆ. ಚೀನಾದ ದಾಚಿಂಗ್‌ನಲ್ಲಿ 1986ರಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 577 ಮಂದಿಯನ್ನು ಆರಿಸಿ, ಕೆಲವರಿಗೆ ಆರು ವರ್ಷ ಆಹಾರ ಮತ್ತು ವ್ಯಾಯಾಮದ ಮಾರ್ಗದರ್ಶನ ಕೊಟ್ಟರು. ಮೂವತ್ತು ವರ್ಷಗಳ ನಂತರ ನೋಡಿದಾಗಲೂ ಅವರಿಗೆ ಮಧುಮೇಹ ಬಂದದ್ದು ಉಳಿದವರಿಗಿಂತ ಸುಮಾರು ನಾಲ್ಕು ವರ್ಷ ತಡವಾಗಿ. ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ 3,234 ಮಂದಿ ಇದ್ದರು. ಅದರ ಫಲಿತಾಂಶ 2002ರಲ್ಲಿ ಬಂತು: ತೂಕದಲ್ಲಿ ಶೇ. 7 ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವಷ್ಟು ಶ್ರಮ ಎಂಬ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಮಧುಮೇಹ ಶೇ. 58 ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಮಾತ್ರೆ ಪಡೆದವರಲ್ಲಿ ಶೇ. 31. ಮಾತ್ರೆಯನ್ನು ನಡಿಗೆ ಹಿಂದಿಕ್ಕಿತು ಎಂದು ನಾವೆಲ್ಲ ಹಿಗ್ಗಿ ಬರೆದೆವು. 58 ಮತ್ತು 31 ನನ್ನ ಕರಪತ್ರದಲ್ಲೂ ಇವೆ.

ನಾನು ಬರೆಯದೇ ಬಿಟ್ಟದ್ದು ಇನ್ನೊಂದು ಸಂಖ್ಯೆ: 16. ಆ ಗುಂಪಿನ ಪ್ರತಿಯೊಬ್ಬರಿಗೂ ಮೊದಲ 24 ವಾರಗಳಲ್ಲಿ, ಒಬ್ಬ ತರಬೇತುದಾರರ ಎದುರು ಕುಳಿತು ಕಲಿಯುವ ಹದಿನಾರು ಪಾಠಗಳಿದ್ದವು. ಆಮೇಲೂ ತಿಂಗಳು ತಿಂಗಳು ಭೇಟಿ. ಅಂದರೆ ಆ 58ರ ಹಿಂದೆ ಇದ್ದದ್ದು ಮಾಹಿತಿಯಲ್ಲ, ಒಬ್ಬ ಮನುಷ್ಯ. ಈ ವಾರ ಏನಾಯಿತು ಎಂದು ಕೇಳುವ, ಆಗಲಿಲ್ಲ ಎಂದಾಗ ಮುಖ ಸಿಂಡರಿಸದ ಮನುಷ್ಯ. ಕರಪತ್ರ ಅಗ್ಗ, ಮನುಷ್ಯ ದುಬಾರಿ. ಅದಕ್ಕೇ ಕರಪತ್ರ ಅಚ್ಚಾಗುತ್ತಲೇ ಇರುತ್ತದೆ, ಮತ್ತು ಅದಕ್ಕೇ ನನಗೆ ಹದಿನೈದು ವರ್ಷ ಕೆಲಸ ಸಿಕ್ಕಿತು.

ನನ್ನ ಕರಪತ್ರಗಳ ಬುಡದಲ್ಲಿ ಯಾವಾಗಲೂ ಒಂದು ಘೋಷಣೆ ಇರುತ್ತಿತ್ತು: 'ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ.' ಕೇಳಲು ಹಿತ. ಆದರೆ ಎರಡು ಪಾಳಿ ದುಡಿಯುವವನ ಕೈಯಲ್ಲಿ ಅವನ ನಿದ್ದೆ ಇದೆಯೇ? ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ವಾಸವಿರುವವಳ ಕೈಯಲ್ಲಿ ಅವಳ ನಡಿಗೆ ಇದೆಯೇ? ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಿ ಎಂದು ಬರೆಯುತ್ತೇವೆ, ಪೊಟ್ಟಣದ ತಿಂಡಿಯಲ್ಲಿ ಎಷ್ಟು ಉಪ್ಪು ಬೀಳಬೇಕು ಎಂದು ತೀರ್ಮಾನಿಸುವ ಕೈ ಬೇರೆಯೇ ಇರುತ್ತದೆ. ಕಾಯಿಲೆ ಬಂದವನು ಈ ಘೋಷಣೆಯನ್ನು ಓದಿದರೆ ಅವನಿಗೆ ಕೇಳುವುದು ಒಂದೇ: ತಪ್ಪು ನಿನ್ನದು. ಬೆಂಚಿನ ಮೇಲೆ ಕುಳಿತಾಗ ನನಗೂ ಹಾಗೆಯೇ ಕೇಳಿಸಿತು.

ಅಮೆರಿಕದಲ್ಲೇ 1982ರಲ್ಲಿ ಮುಗಿದ ಒಂದು ದೊಡ್ಡ ಪ್ರಯೋಗ ನಮ್ಮ ಕಸುಬಿನವರು ಹೆಚ್ಚು ನೆನೆಯದ ಪ್ರಯೋಗ. ಹೃದ್ರೋಗದ ಅಪಾಯ ಹೆಚ್ಚಿದ್ದ 12,866 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಸರಾಸರಿ ಏಳು ವರ್ಷ ವಿಶೇಷ ಆರೈಕೆ ಮತ್ತು ಸಲಹೆ ಕೊಟ್ಟರು. ಕೊನೆಯಲ್ಲಿ ಎರಡೂ ಗುಂಪುಗಳ ಹೃದ್ರೋಗದ ಸಾವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕಾರಣಗಳಲ್ಲಿ ಒಂದು ಸ್ವಾರಸ್ಯದ್ದು: ಸಲಹೆ ಸಿಗದ ಗುಂಪಿನವರೂ ಅಷ್ಟರಲ್ಲಿ ಸಿಗರೇಟು ಬಿಡತೊಡಗಿದ್ದರು, ಒತ್ತಡ ತಗ್ಗಿಸಿಕೊಂಡಿದ್ದರು. ಸುತ್ತಲಿನ ಗಾಳಿಯೇ ಬದಲಾಗಿತ್ತು.

ಗಾಳಿಯನ್ನೇ ಬದಲಿಸಲು ಹೊರಟವರೂ ಇದ್ದಾರೆ. ಫಿನ್‌ಲ್ಯಾಂಡಿನ ಪೂರ್ವದಲ್ಲಿ ಉತ್ತರ ಕರೇಲಿಯಾ ಎಂಬ ಪ್ರಾಂತ್ಯವಿದೆ. 1970ರ ಸುಮಾರಿಗೆ ಅಲ್ಲಿನ ಗಂಡಸರು ಹೃದಯಾಘಾತದಿಂದ ಸಾಯುತ್ತಿದ್ದ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಜನಪ್ರತಿನಿಧಿಗಳು 1971ರಲ್ಲಿ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಇನ್ನೂ ಮೂವತ್ತು ತುಂಬದ ವೈದ್ಯರ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಅಲ್ಲಿಯೂ ಕರಪತ್ರಗಳಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಗೃಹಿಣಿಯರ ಸಂಘದವರು ಊರೂರಿನಲ್ಲಿ ಕೂಟ ಸೇರಿಸಿ ಬೆಣ್ಣೆ, ಉಪ್ಪು ಕಡಿಮೆ ಹಾಕಿದ ಅಡುಗೆಯನ್ನು ಮಾಡಿ ಬಡಿಸಿದರು. ಊರಿನ ನಾಲ್ಕು ಜನ ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅಂಥವರನ್ನು ಹುಡುಕಿ ಅವರಿಗೆ ತರಬೇತಿ ಕೊಟ್ಟರು. ಮಾಂಸದ ತಯಾರಕರ ಜೊತೆ ಕುಳಿತು ಸಾಸೇಜಿನ ಕೊಬ್ಬನ್ನು ತಗ್ಗಿಸಿದರು. ಹೈನುಗಾರಿಕೆಯೇ ಜೀವನವಾಗಿದ್ದ ರೈತರು ಸಿಟ್ಟಾದಾಗ, ಅಲ್ಲಿ ಚೆನ್ನಾಗಿ ಬೆಳೆಯುವ ಬೆರಿ ಹಣ್ಣುಗಳ ಕೃಷಿಗೆ ದಾರಿ ಮಾಡಿದರು. ನಲವತ್ತು ವರ್ಷಗಳಲ್ಲಿ, ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು. ಅದೇ ಅವಧಿಯಲ್ಲಿ ಇಡೀ ದೇಶದಲ್ಲೂ ಬಹಳ ಇಳಿದಿತ್ತು, ಚಿಕಿತ್ಸೆಯೂ ಸುಧಾರಿಸಿತ್ತು. ಎಲ್ಲ ಶ್ರೇಯಸ್ಸೂ ಒಂದೇ ಯೋಜನೆಗೆ ಸಲ್ಲದು. ಆದರೂ ಬೆರಿ ಬೆಳೆದ ಆ ರೈತನನ್ನು ನಾನು ಆಗಾಗ ನೆನೆಯುತ್ತೇನೆ. ಬೆಣ್ಣೆ ಬಿಡಿ ಎಂದು ಊರಿಗೆಲ್ಲ ಸಾರುವಾಗ ಅವನ ಹಸುಗಳ ಗತಿಯೇನು ಎಂದು ಯೋಚಿಸಿದ ಆರೋಗ್ಯ ಶಿಕ್ಷಣ ಅದು. ನನ್ನ ಹದಿನೇಳು ಅಪ್ಪಣೆಗಳಲ್ಲಿ ಯಾರ ಹಸುವೂ ಇರಲಿಲ್ಲ.

ಮೂರು ತಿಂಗಳ ನಂತರ ನನ್ನ ಸಂಖ್ಯೆ 6.0 ಬಂತು. ಎರಡು ದಶಾಂಶದ ಇಳಿಕೆ ಪರೀಕ್ಷೆಯ ಸಹಜ ಏರಿಳಿತವೂ ಆಗಿರಬಹುದು ಎಂದು ತಿಳಿದವನಾದ್ದರಿಂದ ಹಬ್ಬ ಮಾಡಲಿಲ್ಲ. ತೂಕ ಎರಡು ಕಿಲೋ ಇಳಿದಿದೆ. ಅಪ್ಪ ಈಗಲೂ ಸೇದುತ್ತಾರೆ. ಕಳೆದ ತಿಂಗಳು ನಾನು ಲೆಕ್ಕ ಒಪ್ಪಿಸುವುದನ್ನು ಬಿಟ್ಟು, ದಿನದಲ್ಲಿ ಯಾವುದು ಬಿಡಲು ಅತಿ ಕಷ್ಟವಾದದ್ದು ಎಂದು ಕೇಳಿದೆ. ಊಟದ ನಂತರದ್ದು ಎಂದರು. ಅತಿ ಸುಲಭವಾದದ್ದು ಯಾವುದು ಎಂದೆ. ಅವರು ನನ್ನ ಮುಖವನ್ನೇ ನೋಡಿ, "ಇದೇನು ಹೊಸ ವರಸೆ?" ಎಂದು ನಕ್ಕರು. ಉತ್ತರ ಇನ್ನೂ ಬಂದಿಲ್ಲ. ಕೇಳಿದ ಮೇಲೆ ಮೂರು ವಾರವಾಯಿತು, ವಾದವಂತೂ ಆಗಿಲ್ಲ.

ಈ ನಡುವೆ ಅದೇ ಕರಪತ್ರದ ಮರುಮುದ್ರಣಕ್ಕೆ ನನ್ನನ್ನೇ ಕೇಳಿದರು. ಮುಂಬದಿಯ ಅಪ್ಪಣೆಗಳನ್ನು ನಾಲ್ಕಕ್ಕೆ ಇಳಿಸಿದೆ, ಒತ್ತಕ್ಷರ ಸರಿ ಮಾಡಿದೆ, ಘೋಷಣೆಯನ್ನು ಕಿತ್ತೆ. ಹಿಂಬದಿಯಲ್ಲಿ ಮೂರೇ ಮೂರು ಖಾಲಿ ಗೆರೆ ಬಿಟ್ಟು 'ಯಾವಾಗ', 'ಎಲ್ಲಿ', 'ಎಷ್ಟು' ಎಂದು ಬರೆದು ಕಳಿಸಿದೆ. ಖಾಲಿ ಜಾಗ ಬಿಟ್ಟರೆ ಕಾಗದ ದಂಡವಾಗುತ್ತದೆ ಎಂದು ಉತ್ತರ ಬಂತು. ಅಚ್ಚಾಗಿ ಬಂದಾಗ ಹಿಂಬದಿಯ ತುಂಬಾ ಶುಭಾಶಯ ಕೋರುವವರ ಭಾವಚಿತ್ರಗಳಿದ್ದವು.

ಅದರ ಒಂದು ಪ್ರತಿಯನ್ನು ನರ್ಸ್‌ಗೆ ತೋರಿಸಿ ಗೊಣಗಿದೆ. ಅವರು ಕನ್ನಡಕವನ್ನು ಮೇಲಕ್ಕೆ ಸರಿಸಿ ಎರಡೂ ಬದಿ ನೋಡಿದರು. ಹೊರಗೆ ಮುಂದಿನವರನ್ನು ಕರೆಯುವ ಗಂಟೆ ಬಾರಿಸಿತು. "ಅಂಚಿನಲ್ಲಿ ಜಾಗ ಇದೆ ಬಿಡಿ" ಎಂದು ಹೇಳಿ, ಪೆನ್ನಿನ ಮುಚ್ಚಳ ತೆಗೆದು, ಒಳಗೆ ಬಂದ ಹೆಂಗಸಿಗೆ ಕುರ್ಚಿ ತೋರಿಸುತ್ತಾ ಕೇಳಿದರು: "ಕೂತುಕೊಳ್ಳಿ ಅಮ್ಮ. ದಿನದಲ್ಲಿ ಯಾವ ಹೊತ್ತು ನಿಮ್ಮ ಕೈಯಲ್ಲಿರುತ್ತದೆ?"